ಎರಡನೇ ಕೆರೆ

ಮಗಳು ತಂದ ಹೊಸ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಮಾವ ಮಗುಚಿ ಹಾಕಿ, ಕನ್ನಡಕ ಹಣೆಗೇರಿಸಿಕೊಂಡು, ನಾಲ್ಕೂ ಬದಿ ಬೆರಳಾಡಿಸಿ ನೋಡಿದರು. ಜೀವಮಾನವೆಲ್ಲ ಹೊಲಿಗೆ ಯಂತ್ರ ರಿಪೇರಿ ಮಾಡಿದ ಕೈ ಅದು. ಎಲ್ಲಾದರೂ ಒಂದು ಸಂದು ಇದ್ದಿದ್ದರೆ ಸಿಕ್ಕೇ ಸಿಗುತ್ತಿತ್ತು.

"ಇದಕ್ಕೆ ಡಿಸ್ಕ್ ಹಾಕೋದು ಎಲ್ಲಿಂದ, ಪುಟ್ಟಿ?"

"ಡಿಸ್ಕೇ ಬೇಡಪ್ಪ. ಯಾವ ಆಟ ಬೇಕೋ ಹೇಳು, ಡೌನ್‌ಲೋಡ್ ಮಾಡ್ಕೊಡ್ತೀನಿ. ಸೀದಾ ಪೆಟ್ಟಿಗೆ ಒಳಗೇ ಬಂದು ಕೂತ್ಕೊಳ್ಳುತ್ತೆ."

"ಹಳೇದು ಎಲ್ಲಿ?"

"ಅಂಗಡಿಯವರಿಗೇ ಕೊಟ್ಟುಬಿಟ್ಟೆ. ಹಿಟ್ಟಿನ ಗಿರಣಿ ಥರ ಸದ್ದು ಮಾಡ್ತಿತ್ತಲ್ಲ." ಮಗಳು ವೈರಿನ ಸುರುಳಿ ಬಿಡಿಸುತ್ತ, ತಲೆ ಎತ್ತದೆ ಸೇರಿಸಿದಳು. "ಇನ್ಮೇಲೆ ಯಾರೂ ಡಿಸ್ಕ್ ಹಿಡ್ಕೊಂಡು ಭಾನುವಾರ ಭಾನುವಾರ ಬರೋ ತೊಂದರೆ ತಗೋಬೇಕಾಗಿಲ್ಲ."

ಆ 'ಯಾರೂ' ಅಂದರೆ ಅಳಿಯ. ಗಂಡ ಹೆಂಡಿರ ಸಂಬಂಧ ಕೋರ್ಟಿನಲ್ಲಿ ಮುಗಿದು ವರ್ಷವಾಗಿತ್ತು. ಇಬ್ಬರೂ ಕೆಟ್ಟವರಲ್ಲ, ಕೂಡಿ ಬರಲಿಲ್ಲ, ಅಷ್ಟೇ. ಆದರೆ ಮಾವ ಅಳಿಯಂದಿರ ಸಂಬಂಧವನ್ನು ಏನು ಮಾಡಬೇಕೆಂದು ಯಾವ ನ್ಯಾಯಾಧೀಶರೂ ಹೇಳಿರಲಿಲ್ಲ. ತೀರ್ಪಾದ ಮೇಲೆ ಒಂದು ಭಾನುವಾರ, ಹಿಂದೆ ತೆಗೆದುಕೊಂಡು ಹೋಗಿದ್ದ ಡಿಸ್ಕ್ ಹಿಂದಿರುಗಿಸಲು ಬಂದ ಅಳಿಯ, 'ಮಾವ' ಅನ್ನಬೇಕೋ 'ಸರ್' ಅನ್ನಬೇಕೋ ತಿಳಿಯದೆ ಬಾಗಿಲಲ್ಲೇ ತಡವರಿಸಿದ್ದ. ಮಾವ ಏನೂ ಕೇಳದೆ ಇನ್ನೊಂದು ಡಿಸ್ಕ್ ಅವನ ಕೈಗಿಟ್ಟು ಕಳಿಸಿದ್ದರು. ಕೊಟ್ಟ ಮೇಲೆ ಹಿಂದಿರುಗಿಸಲು ಬರಲೇಬೇಕಲ್ಲ. ಅಂದಿನಿಂದ ಒಂದು ಬರುತ್ತದೆ, ಒಂದು ಹೋಗುತ್ತದೆ.

'ನಿಮ್ಮನ್ನು ನೋಡಬೇಕು ಅನ್ನಿಸಿತು, ಬಂದೆ' ಎಂದು ಬಾಯಿಬಿಟ್ಟು ಹೇಳುವ ಜಾತಿಯವರಲ್ಲ ಅವರಿಬ್ಬರೂ. ಡಿಸ್ಕ್ ಒಂದು ಇಲ್ಲದಿದ್ದರೆ ಅಳಿಯನಿಗೆ ಈ ಮನೆಯ ಮೆಟ್ಟಿಲು ಹತ್ತಲು ನೆಪವೇ ಇರುವುದಿಲ್ಲ. ಹಾಗೆಂದು ಮಗಳನ್ನು ಬೈಯುವುದಾದರೂ ಹೇಗೆ? ಅವನು ಹೊರಗಿನ ಕೋಣೆಯಲ್ಲಿ ಕೂತು ನಗುತ್ತಿರುವಷ್ಟು ಹೊತ್ತೂ ಅವಳು ಒಳಗೆ ಬಾಗಿಲು ಹಾಕಿಕೊಂಡಿರಬೇಕು. ಮಾವ ಪೆಟ್ಟಿಗೆಯನ್ನು ಟಿವಿಯ ಪಕ್ಕ ಇಟ್ಟರು.

ಭಾನುವಾರ ಅಳಿಯ ಬಂದ. ಎಂದಿನಂತೆ ಹೊರಗಿನ ಕೋಣೆಯಲ್ಲಿ, ಬಿಚ್ಚಿಟ್ಟ ಹೊಲಿಗೆ ಯಂತ್ರಗಳ ನಡುವೆ ಸ್ಟೂಲಿನ ಮೇಲೆ ಕೂತ. ಟಿವಿ ಇರುವ ಒಳಗಿನ ಕೋಣೆಗೆ ಅವನು ಕಾಲಿಡುವುದನ್ನು ಬಿಟ್ಟು ವರ್ಷವಾಗಿತ್ತಾದ್ದರಿಂದ ಹೊಸ ಪೆಟ್ಟಿಗೆಯ ಸುದ್ದಿ ಅವನಿಗೆ ತಿಳಿಯುವಂತಿರಲಿಲ್ಲ. ಲಾರಿ ಓಡಿಸುವ ಆಟದ ಡಿಸ್ಕ್ ಹಿಂದಿರುಗಿಸಿ, ಚೀಲದಿಂದ ಇನ್ನೊಂದನ್ನು ತೆಗೆದ.

"ಇದನ್ನ ಆಡಿ ನೋಡಿ ಮಾವ. ಕೆರೆ ದಡದಲ್ಲಿ ಕೂತು ಮೀನು ಹಿಡಿಯೋದು. ನಿಮ್ಮ ತಾಳ್ಮೆಗೆ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲೊಂದು ಮೀಸೆ ಇರೋ ದೊಡ್ಡ ಮೀನಿದೆ, ನನಗಂತೂ ನೀರು ಕುಡಿಸಿಬಿಡ್ತು. ನೀವು ಹಿಡಿದು, ಹೇಗೆ ಅಂತ ನನಗೂ ಹೇಳಬೇಕು."

"ಮೀನು ತಾನೇ? ಬರೋ ಭಾನುವಾರ ಬನ್ನಿ, ಹೇಳ್ತೀನಿ."

ಹೇಳಿಬಿಟ್ಟರು. ಕಪಾಟಿನಲ್ಲಿ ಕೈಗೆ ಸಿಕ್ಕಿದ ಒಂದು ಡಿಸ್ಕ್ ಕೊಟ್ಟು ಅವನನ್ನು ಕಳಿಸಿದ ಮೇಲೆ ಮಾವನಿಗೆ ಪೀಕಲಾಟ ಶುರುವಾಯಿತು. ಮೀನಿನ ಡಿಸ್ಕ್ ಹಿಡಿದು ಆ ಪೆಟ್ಟಿಗೆಯ ಮುಂದೆ ನಿಂತರೆ, ಬಾಯಿ ಹೊಲಿಸಿಕೊಂಡವನ ಮುಂದೆ ಊಟದ ತಟ್ಟೆ ಹಿಡಿದ ಹಾಗಿತ್ತು. ಸುಮ್ಮನೆ ಒಂದು ಕಥೆ ಕಟ್ಟಿ ಹೇಳೋಣವೆಂದರೆ, ಆ ಮೀನಿನ ಜೊತೆ ಗುದ್ದಾಡಿದವನ ಎದುರು ಅದು ನಡೆಯುವ ಮಾತಲ್ಲ. ಮೂರು ದಿನ ತಡೆದರು. ಕೊನೆಗೆ, ಆಸ್ಪತ್ರೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ ಮಗಳ ಬಳಿ ಹೋಗಿ ನಿಂತರು.

"ಪುಟ್ಟಿ, ಒಂದು ಆಟ ಡೌನ್‌ಲೋಡ್ ಮಾಡ್ಕೊಡ್ತೀಯಾ? ಮೀನು ಹಿಡಿಯೋದು."

"ಮೀನು ಹಿಡಿಯೋವು ಬೇಕಾದಷ್ಟಿವೆ. ಹೆಸರೇನು?"

ಮಾವ ಒಳಗೆ ಹೋಗಿ ಹೆಸರು ಓದಿಕೊಂಡು ಬಂದರು. ಬರುವಷ್ಟರಲ್ಲಿ ಅರ್ಧ ಮರೆತಿತ್ತು. ಮತ್ತೆ ಹೋದರು, ಮತ್ತೆ ಮರೆತರು. ಆಮೇಲೆ ಬೇರೆ ದಾರಿ ಕಾಣದೆ ದಿಂಬಿನ ಕೆಳಗೆ ಬಚ್ಚಿಟ್ಟಿದ್ದ ಮೀನಿನ ಆಟದ ಡಬ್ಬಿಯನ್ನೇ ತಂದು ತೋರಿಸಿದರು. ಮಗಳು ಅದನ್ನು ತೆರೆದಳು. ಒಳಗೆ ಡಿಸ್ಕ್ ಇತ್ತು.

"ಆಟ ಇಲ್ಲೇ ಇದೆಯಲ್ಲಪ್ಪ. ಇರೋದಕ್ಕೇ ಮತ್ತೆ ದುಡ್ಡು ಕೊಡೋದಾ?"

"ಭಾನುವಾರ ಕೇಳ್ತಾರೆ, ಹೇಗಿತ್ತು ಅಂತ."

"ಪೆಟ್ಟಿಗೆ ಬದಲಾಯಿಸಿದ್ವಿ, ಇನ್ನು ಡಿಸ್ಕ್ ಬೇಡ ಅಂತ ಹೇಳಬಹುದಿತ್ತು."

"ಹೇಳಬಹುದಿತ್ತು," ಎಂದರು ಮಾವ. "ಆಮೇಲೆ ಅವರು ಯಾಕೆ ಬರ್ತಾರೆ?"

ಮಗಳು ಆಗಲೇ ಇಸ್ತ್ರಿಯಾಗಿದ್ದ ತೋಳಿಗೇ ಇನ್ನೊಮ್ಮೆ ಇಸ್ತ್ರಿ ಹಾಕಿದಳು. ಆಮೇಲೆ ಸ್ವಿಚ್ ಆರಿಸಿ ಟಿವಿಯ ಮುಂದೆ ಹೋಗಿ ಕೂತಳು. ತೆರೆಯ ಮೇಲೆ ನೀಲಿ ಗೆರೆಯೊಂದು ಆಮೆಯಂತೆ ತೆವಳತೊಡಗಿತು. ತಪ್ಪು ಮಾಡಿದವರಂತೆ ಮಾವ ಹಿಂದೆ ನಿಂತೇ ಇದ್ದರು. ಮಗಳ ಮೇಲೆ ಅವರಿಗೆ ಆ ಗಳಿಗೆ ಬಂದಷ್ಟು ಪ್ರೀತಿ ಎಂದೂ ಬಂದಿರಲಿಲ್ಲ, ಅಷ್ಟೇ ಸಂಕಟವೂ ಆಯಿತು.

ಗೆರೆ ತುಂಬಿದಾಗ ಅವಳು ತೆರೆಯ ಮೇಲಿನ ಬರಹವನ್ನೆಲ್ಲ ನಿಧಾನವಾಗಿ ಓದಿ, ಆಟದ ರಿಮೋಟನ್ನು ತಂದೆಯ ಕೈಗೆ ಕೊಟ್ಟಳು. ಡಿಸ್ಕನ್ನು ಡಬ್ಬಿಯೊಳಗೆ ಭದ್ರವಾಗಿ ಕೂರಿಸಿ ಮುಚ್ಚಿ, ಹೊರಗಿನ ಕೋಣೆಗೆ ಹೋಗಿ, ಬಂದವರಿಗೆ ಕಾಣುವ ಹಾಗೆ ಹೊಲಿಗೆ ಯಂತ್ರದ ಮೇಲಿಟ್ಟು ಬಂದಳು. ತನ್ನ ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು.

"ಅಪ್ಪ, ಡೌನ್‌ಲೋಡ್ ಮಾಡಿದ್ರೆ ಎರಡನೇ ಕೆರೆ ಅಂತ ಒಂದು ಜಾಸ್ತಿ ಕೊಡ್ತಾರೆ. ಡಿಸ್ಕ್‌ನಲ್ಲಿ ಅದಿಲ್ಲ. ಆ ಕಡೆ ಮಾತ್ರ ಹೋಗಬೇಡ. ಭಾನುವಾರ ಬಾಯಿತಪ್ಪಿ ಹೇಳಿ ಸಿಕ್ಕಿಬೀಳ್ತೀಯ."