ಲಖಮಣಭಾಯಿಯ ಒಪ್ಪಿಗೆ

"ನಾಳೆ ದವಡೆ ಕೊಯ್ಯಿಸ್ಕೊಳ್ಳೋನು, ಇವತ್ತೂ ಮಾವಾ ಉಜ್ತಾ ಕೂತಿದ್ದೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ?"

ಅಹಮದಾಬಾದಿನ ಆಸ್ಪತ್ರೆಯೆದುರಿನ ಧರ್ಮಶಾಲೆಯಲ್ಲಿ ಲಖಮಣಭಾಯಿ ತಮ್ಮನ ಕೈಯಿಂದ ಮಾವಾದ ಪ್ಲಾಸ್ಟಿಕ್ ಪೊಟ್ಟಣ ಕಿತ್ತುಕೊಂಡರು. ಅಡಿಕೆ, ಸುಣ್ಣ, ತಂಬಾಕು ನೆಲಕ್ಕೆ ಚೆಲ್ಲಿದವು. ವೇಜಾ ತಲೆ ತಗ್ಗಿಸಿದ.

"ಇದೇ ಕೊನೇದು, ಮೋಟಾಭಾಯಿ," ಅಂದ ಅಣ್ಣನಿಗೆ.

ಮೂಲೆಯಲ್ಲಿ ವೇಜಾನ ಹೆಂಡತಿ ಪೂರಿ ಸೆರಗನ್ನು ಮುಖ ಮುಚ್ಚುವಂತೆ ಎದೆಯವರೆಗೆ ಎಳೆದುಕೊಂಡು ಚೀಲ ತುಂಬುತ್ತಿದ್ದಳು. ಭಾವನೆದುರು ಮುಖ ತೋರಿಸಕೂಡದು, ಬಾಯಿ ಬಿಡಕೂಡದು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಂದು ದಿನವೂ ತಪ್ಪಿರಲಿಲ್ಲ. ದಿನಕ್ಕೆ ನಾಲ್ಕು ಸಲ ಒಸಡಿಗೆ ತಂಬಾಕಿನ ಪುಡಿ ತಿಕ್ಕುತ್ತಿದ್ದವಳು ಈಚೆಗೆ ಅದನ್ನೂ ಬಿಟ್ಟಿದ್ದಳು. ಗಂಡನಿಗಾಗಿ ವ್ರತ ಹಿಡಿದಿದ್ದಾಳೆ, ಪುಣ್ಯಾತ್ಗಿತ್ತಿ ಎಂದು ಲಖಮಣಭಾಯಿ ಊರೆಲ್ಲ ಹೇಳಿಕೊಂಡು ತಿರುಗಿದ್ದರು.

ಅವರ ಮಾತಿಲ್ಲದೆ ಆ ಮನೆಯಲ್ಲಿ ಎಮ್ಮೆಯ ಹಗ್ಗವನ್ನೂ ಯಾರೂ ಬಿಚ್ಚುತ್ತಿರಲಿಲ್ಲ. ಅವರ ಸ್ವಂತ ಹೆಂಡತಿಗೆ ಎದೆಯಲ್ಲಿ ಗಂಟಾದಾಗ, "ಹೆಂಗಸಿನ ಮೈಗೆ ಕತ್ತಿ ಯಾಕೆ? ದೇವಿ ಮಾತಾಜಿಗೆ ಹರಕೆ ಹೊತ್ಕೊಳ್ಳಿ" ಅಂದಿದ್ದರು. ವರ್ಷ ತುಂಬುವುದರೊಳಗೆ ಆಕೆ ಹೋದಳು. ಅಂಥ ಮನುಷ್ಯ, ವೇಜಾ ಬಂದು ಬಾಯಿಯ ಕ್ಯಾನ್ಸರ್ ಎಂದು ಅತ್ತ ದಿನ ಎರಡೂ ಎಮ್ಮೆ ಹೊಡೆದುಕೊಂಡು ಹೋಗಿ ಮಾರಿ ಬಂದರು.

"ಡಾಕ್ಟ್ರು ಏನಂದ್ರೋ?"

"ಅರ್ಧ ದವಡೆ ತೆಗೀತಾರಂತೆ. ಕಾಲಿನ ಮೂಳೆ ತಂದು ಕೂರಿಸ್ತಾರಂತೆ. ಉಸಿರಾಡೋಕೆ ಕತ್ತಲ್ಲಿ ತೂತು. ಹಾಗೇ ಬಿಟ್ರೆ ಆರು ತಿಂಗಳೂ ಇಲ್ವಂತೆ."

"ಕೊಯ್ಲಿ ಬಿಡೋ. ಜೀವ ಉಳಿದ್ರೆ ಸಾಕು. ನಾನಿದ್ದೀನಿ."

ವೇಜಾ ಅಣ್ಣನ ಕಾಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. "ಈ ಮಾತು ಮಾತ್ರ ಹಿಂದಕ್ಕೆ ತಗೋಬೇಡಿ, ಮೋಟಾಭಾಯಿ." ಚೀಲ ತುಂಬುತ್ತಿದ್ದ ಪೂರಿಯ ಕೈ ನಿಂತಿತು.

ಸಂಜೆ ಗಂಡ ಹೆಂಡತಿ ಆಸ್ಪತ್ರೆಯ ಒಳಗೆ ಹೋದರು. ರೋಗಿಯ ಜೊತೆ ಒಬ್ಬರಿಗೇ ಪಾಸು. ಲಖಮಣಭಾಯಿ ಗೇಟಿನ ಹೊರಗೇ ಉಳಿದರು.

ಬೆಳಿಗ್ಗೆ ಕಾವಲುಗಾರನ ಕೈಕಾಲು ಹಿಡಿದು ಆಪರೇಷನ್ ಕೋಣೆಯ ಬಾಗಿಲ ತನಕ ಬಂದು ಕಾದರು. ಲಿಫ್ಟ್ ತೆರೆಯಿತು. ತಳ್ಳುಗಾಡಿ ಹೊರಬಂತು. ಅದರ ಹಿಂದೆ ವೇಜಾ ತನ್ನ ಕಾಲ ಮೇಲೆ ನಡೆದು ಬರುತ್ತಿದ್ದ.

ಗಾಡಿಯ ಮೇಲೆ ಒಬ್ಬ ಹೆಂಗಸು ಮಲಗಿದ್ದಳು. ಅವಳ ಎಡಗೆನ್ನೆ ಊದಿ, ಹುಣ್ಣು ಹೊರಕ್ಕೆ ಒಡೆದಿತ್ತು. ಲಖಮಣಭಾಯಿಗೆ ಆ ಮುಖ ಗುರುತಾಗಲಿಲ್ಲ.

"ನೀನ್ಯಾಕೋ ನಡ್ಕೊಂಡು ಬರ್ತಿದ್ದೀಯ? ಇವಳು ಯಾರು?"

"ಪೂರಿ, ಮೋಟಾಭಾಯಿ. ನನ್ನ ಬಾಯಲ್ಲಿ ಏನೂ ಇಲ್ಲ. ಇವಳಿಗೆ ಅಂದಿದ್ರೆ ನೀವು ಒಪ್ತಿದ್ರಾ?"