ಬಲಗೈ ಬ್ರೇಕು

ಗಿರಾಕಿಯೊಬ್ಬನ ಹಳೇ ಸೈಕಲ್ಲಿನ ಬಲಗೈ ಬ್ರೇಕ್ ಹಿಡಿದು ನೋಡಿದ ಅಂಬಣ್ಣ. ಮುಂದಿನ ಗಾಲಿ ಗಕ್ಕನೆ ನಿಂತಿತು.

ಅಯ್ಯೋ ಶಿವನೇ, ನಿಖಿತಾಳ ಸೈಕಲ್! ನಮ್ಮ ಕಡೆಯ ಸೈಕಲ್ಲಿಗೆ ಬಲಗೈ ಹಿಡಿದರೆ ಮುಂದಿನ ಗಾಲಿ ನಿಲ್ಲುತ್ತದೆ. ಆಕೆಯದು ಹೊರದೇಶದ ಮಾಲು, ಎಲ್ಲ ಉಲ್ಟಾ, ಮುಂದಿನದು ಎಡಗೈಗೆ, ಹಿಂದಿನದು ಬಲಗೈಗೆ. ನಿನ್ನೆ ಸಂಜೆ ಹೊಸ ತಂತಿ ಹಾಕುವಾಗ ಅಂಬಣ್ಣನ ಕೈ ಯಾರನ್ನೂ ಕೇಳದೆ, ಹೈದರಾಬಾದಿನ ಈ ಸನತ್‌ನಗರದ ಕಾರ್ಖಾನೆ ಮಂದಿಯ ಸೈಕಲ್ಲಿಗೆ ಮೂವತ್ತು ವರ್ಷದಿಂದ ಹಾಕಿದಂತೆಯೇ ಹಾಕಿಬಿಟ್ಟಿತ್ತು. ಆ ಹುಡುಗಿಯೋ ತುಳಿದು ಸಹ ನೋಡದೆ ಗೆಳತಿಯ ಕಾರಿನ ಹಿಂದೆ ಕಟ್ಟಿಸಿಕೊಂಡು ಹೋಗಿದ್ದಳು. ಇವತ್ತು ಭಾನುವಾರ, ಆಕೆ ಅನಂತಗಿರಿ ಘಾಟು ಹತ್ತುವ ದಿನ. ಹತ್ತುವಾಗ ಬ್ರೇಕ್ ಯಾರಿಗೆ ಬೇಕು? ಇಳಿಯುವಾಗ ತಾನೆ! ಹಿಂದಿನ ಗಾಲಿಯದೆಂದು ತಿಳಿದು ಬಲಗೈಯಲ್ಲಿ ಜೋರಾಗಿ ಹಿಚುಕಿದರೆ ಮುಗಿಯಿತು, ಹ್ಯಾಂಡಲ್ ಮೇಲಿಂದ ಹಾರಿ ಸೀದಾ ಕಣಿವೆಗೆ.

"ಹುಸೇನಮ್ಮಾ, ನಿಖಿತಾಗ ಫೋನ್ ಹಚ್ಚು, ಲಗೂನ!"

ಅಂಗಡಿಯ ಹಿಂದಿನ ಕೋಣೆಯಿಂದ ಹೆಂಡತಿ ಫೋನ್ ಹಚ್ಚುತ್ತಲೇ ಹೊರಗೆ ಬಂದಳು. "ಹತ್ತವಲ್ದು. ಸಿಗಂಗಿಲ್ಲಂತ, ತೆಲುಗಿನಾಗ 'ಅಂದುಬಾಟುಲೋ ಲೇದು' ಅನ್ನಾಕತ್ತೈತಿ. ಯಾಕ್ರಿ, ಏನಾತು?"

ಅಂಬಣ್ಣ ತಂತಿಯ ವಿಷಯ ಹೇಳಿದ. "ನನ್ನ ಕೈಗೆ ಬೆಂಕಿ ಬೀಳಲಿ! ಎಂಥಾ ಕೆಲಸ ಮಾಡಿ ಕುಂತೆ ನೋಡು."

"ಆಮ್ಯಾಲೆ ಬೈಕೊಳ್ಳಂತ್ರಿ. ಮ್ಯಾಲೆ ನಾಷ್ಟಾ ಮಾಡಿ ಒಂಬತ್ತಕ್ಕ ಇಳಿತೀನಿ ಅಂದಿದ್ಲು, ಈಗಿನ್ನೂ ಆರೂವರಿ." ಹುಸೇನಮ್ಮ ಒಲೆ ಆರಿಸಿ ಸೆರಗು ಸಿಕ್ಕಿಸಿಕೊಂಡಳು. "ಗಾಡಿ ತಗೀರಿ. ನೀವು ಹೊಡೀರಿ, ನಾ ಫೋನ್ ಹಚ್ಚತೀನಿ."

ಅಂಬಣ್ಣನ ಮೊಪೆಡ್ಡಿನ ಮುಂದಿನ ಬ್ರೇಕ್ ಸತ್ತು ಎರಡು ವರ್ಷವಾಗಿತ್ತು. ಮಂದಿಯ ಬ್ರೇಕ್ ನೋಡುವವನಿಗೆ ತನ್ನದು ನೋಡಿಕೊಳ್ಳಲು ಪುರುಸೊತ್ತೆಲ್ಲಿ? ಇವತ್ತಂತೂ ನಿಲ್ಲಿಸುವ ಮಾತೇ ಇರಲಿಲ್ಲ. ಮೊಯಿನಾಬಾದ್ ಹೋಯಿತು, ಚೇವೆಳ್ಳದ ಆಲದ ಮರಗಳು ಹೋದವು. ಹಿಂದೆ ಕೂತ ಹುಸೇನಮ್ಮ ಫೋನ್ ಹಚ್ಚಿದಳು, ಹಚ್ಚಿದಳು, ಹಚ್ಚುತ್ತಲೇ ಇದ್ದಳು. ಆ ಹುಡುಗಿ ತಾರ್ನಾಕದಿಂದ ಸನತ್‌ನಗರಕ್ಕೆ ಬರುತ್ತಿದ್ದುದು ಬರೀ ರಿಪೇರಿಗಲ್ಲ. ಇವರೊಡನೆ ನಾಲ್ಕು ಮಾತು ನಮ್ಮ ಭಾಷೆ ಆಡಿ, ಹುಸೇನಮ್ಮ ಮಾಡಿದ ಮಂಡಕ್ಕಿ ಸುಸಲಾ ತಿಂದು ಹೋಗಲು. ಅದು ನೆನಪಾದಾಗಲೆಲ್ಲ ಅಂಬಣ್ಣ ಆಕ್ಸಿಲರೇಟರನ್ನು ಇನ್ನಷ್ಟು ತಿರುಚಿದ. ಇದ್ದಷ್ಟೇ ಓಡುವ ಗಾಡಿ, ಪಾಪ, ಅದಾದರೂ ಏನು ಮಾಡೀತು.

ವಿಕಾರಾಬಾದ್ ದಾಟಿ ಘಾಟು ಹತ್ತುವಾಗ ಒಂಬತ್ತು ಹೊಡೆದಿತ್ತು. ಎರಡನೇ ತಿರುವಿನಲ್ಲಿ ಮೇಲಿಂದ ಗಾಳಿ ಸೀಳುವ ಸದ್ದು. ನಿಖಿತಾಳ ಹಳದಿ ಹೆಲ್ಮೆಟ್ಟು! ಅಂಬಣ್ಣ ಮೊಪೆಡ್ಡನ್ನು ಹೆಂಡತಿಯ ಕೈಗೆ ಕೊಟ್ಟವನೇ ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತ.

"ಬ್ರೇಕ್ ಹಿಡೀಬ್ಯಾಡವಾ! ಹಿಡೀಬ್ಯಾಡ!"

ಎದುರಿಗೆ ಮನುಷ್ಯ ಅಡ್ಡ ನಿಂತರೆ ಬ್ರೇಕ್ ಹಿಡಿಯದೆ ಇನ್ನೇನು ಮಾಡುತ್ತಾರೆ! ನಿಖಿತಾ ಹಿಡಿದಳು. ಅಂಬಣ್ಣ ಕಣ್ಣು ಮುಚ್ಚಿದ. ಗಾಲಿ ಕೀರ್ ಎಂದಿತು. ಕಣ್ಣು ಬಿಟ್ಟರೆ ಸೈಕಲ್ ಅವನ ಹೊಟ್ಟೆಯಿಂದ ಗೇಣು ದೂರದಲ್ಲಿ ನಿಂತಿತ್ತು. ಹುಡುಗಿ ಒಂದು ಕಾಲು ನೆಲಕ್ಕೂರಿ ಬಾಯಿ ಬಿಟ್ಟು ನೋಡುತ್ತಿದ್ದಳು.

"ಕಾಕಾ! ನಿಮಗೇನ್ ಹುಚ್ಚು ಹಿಡದೈತೇನ್ರಿ?"

ಅಂಬಣ್ಣ ಡಾಂಬರಿನ ಮೇಲೆಯೇ ಕೂತುಬಿಟ್ಟ. "ಬ್ರೇಕ್ ಅದಲಿ ಬದಲಿ ಆಗೈತಿ..." ಎಂದು ತೊದಲಿದ.

"ಗೊತ್ತೈತ್ರಿ. ಬೆಳಿಗ್ಗೆ ವಿಕಾರಾಬಾದಿನಾಗ ಕಾರಿಂದ ಇಳಿಸಿ ಒಂದು ಸುತ್ತು ಹೊಡದಾಗೇ ಕೈಗೆ ತಿಳೀತು." ಆಕೆಯ ಮುಖ ಅರಳಿತು. "ನಾ ನಮ್ಮೂರು ಸೇಡಂದಾಗ ಅಪ್ಪನ ಸೈಕಲ್ ಮ್ಯಾಲೆ ಕಲ್ತಾಕಿ, ಅದರ ಮುಂದಿನ ಬ್ರೇಕ್ ಬಲಗೈಗೇ ಇತ್ತು. ಇದನ್ನ ತಗೊಂಡಾಗಿಂದ ಇಳಕಲು ಬಂತಂದ್ರ ಕೈ ತಪ್ಪತಿತ್ತು, ಎರಡು ಸಲ ಬಿದ್ದೀನಿ. ಇವತ್ತ ಮೊದಲನೇ ಸಲ ಅಂಜಿಕಿ ಇಲ್ದ ಇಳ್ಯಾಕತ್ತೀನಿ. ಕಾಕಾ ನನ್ನ ಸಲುವಾಗೇ ಬದಲಿ ಮಾಡ್ಯಾರ ಅನ್ಕೊಂಡೆ!"

ಹೂಂ ಅಂದುಬಿಟ್ಟಿದ್ದರೆ ಹೆಸರಾದರೂ ಬರುತ್ತಿತ್ತು. ಅಂಬಣ್ಣ ತಲೆ ಅಲ್ಲಾಡಿಸಿದ. "ಇಲ್ಲವಾ. ಮೈಮರ್ತು ಮಾಡೀನಿ."

"ಹಂಗಾರ ಹಂಗೇ ಇರ್ಲಿ ಬಿಡ್ರಿ, ಮತ್ತ ನೆನಪು ಮಾಡ್ಕೋಬ್ಯಾಡ್ರಿ," ಎಂದು ನಕ್ಕಳು ನಿಖಿತಾ. ಅಂಬಣ್ಣನಿಗೂ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಆಕೆ ಇಬ್ಬರಿಗೂ ಒಂದೊಂದು ಬಾಳೆಹಣ್ಣು ಕೊಟ್ಟು, ಬಲಗೈ ಬ್ರೇಕಿನ ಮೇಲೆ ಎರಡು ಬೆರಳಿಟ್ಟು, ತಿರುವಿನಲ್ಲಿ ನೀಟಾಗಿ ಇಳಿದು ಹೋದಳು.

ಅಂಬಣ್ಣ ಮೊಪೆಡ್ಡನ್ನು ಇಳಿಜಾರಿಗೆ ತಿರುಗಿಸಿದ.

"ಸತ್ತ ಬ್ರೇಕಿನ ಗಾಡಿ ಮ್ಯಾಲೆ ನಾ ಕೂಡಂಗಿಲ್ಲ," ಎಂದಳು ಹುಸೇನಮ್ಮ. "ತಳ್ಕೋತ ಬರ್ರಿ."

ಎರಡೂ ಕಡೆ ಕಾಡು, ಹಕ್ಕಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಗಾಡಿ ತಳ್ಳುತ್ತಿದ್ದ, ಅವಳು ಬಾಳೆಹಣ್ಣು ತಿನ್ನುತ್ತ ಮರಗಳನ್ನು ನೋಡುತ್ತ ಪಕ್ಕದಲ್ಲಿ ನಡೆಯುತ್ತಿದ್ದಳು. ಹೈದರಾಬಾದಿಗೆ ಬಂದು ಮೂವತ್ತು ವರ್ಷವಾಗಿತ್ತು. ಇಬ್ಬರೂ ಕೂಡಿ ಊರ ಹೊರಗೆ ಹೀಗೆ ನಡೆದದ್ದೇ ಇರಲಿಲ್ಲ.

"ಏನ್ರೀ," ಎಂದಳು ಹುಸೇನಮ್ಮ, "ಮುಂದಿನ ಸಲ ಮೈಮರಿಯೂದಿದ್ರ, ಸಮುದ್ರದ ಕಡಿ ಹೋಗೋರ ಸೈಕಲ್ ನೋಡಿ ಮೈಮರೀರಿ."