ಸಂಜೆವರೆಗೆ ಒಣಗಬೇಕಾದ ಕಾರು

"ಇದನ್ನ ಯಾರಮ್ಮ ಉಜ್ಜಿದ್ದು?"

ತನ್ನ ಕಾರು ಪಾಲಿಶ್ ಅಂಗಡಿಯ ಮುಂದೆ ನಿಂತ ಅತ್ತೆ ಸೊಸೆಯನ್ನು ಮಹೀನ್ ಕೇಳಿದಳು. ಹೋದ ಭಾನುವಾರವಷ್ಟೇ ಅವಳು ತನ್ನ ಕೈಯಾರೆ ಹೊಳಪು ಕಾಯುವ ಸೀಲೆಂಟ್ ಹಚ್ಚಿ, ಮುಖ ಕಾಣುವಂತೆ ಒರೆಸಿ ಕಳಿಸಿದ್ದ ಕಪ್ಪು ಕಾರು ಅದು. ಈಗ ಬಾನೆಟ್ಟಿನ ತುಂಬ ಸುತ್ತುಸುತ್ತಾದ ಗೀರುಗಳು. ಬೂದಿ ಎರಚಿದಂತೆ ಮಂಕು. ಬೆರಳಿಂದ ಸವರಿ ಮೂಸಿದಳು. ಹುಳಿ ವಾಸನೆ.

"ನಾನೇ ಕಣಮ್ಮ," ಎಂದಳು ಓಬಳಮ್ಮ. "ಶುಕ್ರವಾರ ಅಲ್ವಾ, ಪೂಜೆ ಮಾಡಣ ಅಂತ ಹುಣಸೆಹಣ್ಣು ಉಪ್ಪು ಹಾಕಿ ಬೆಳಗಿದೆ."

"ಇದೇನು ಹಿತ್ತಾಳೆ ಚೊಂಬಾ ಅಮ್ಮ?" ಮಹೀನ್‌ಗೆ ನಗುವೂ ಬಂತು, ಸಿಟ್ಟೂ ಬಂತು. ಅಂದು ಓಬಳಮ್ಮನ ಮಗ ಮುರಳಿಮೋಹನ್‌ಗೆ ಅವಳು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಬಣ್ಣದ ಮೇಲೆ ಕೂರುವ ತೆಳು ಪದರ ಇದು, ಹಚ್ಚಿದ ದಿನ ಸಂಜೆವರೆಗೂ ಗಾಡಿ ಅಲುಗಿಸಬಾರದು ಎಂದು. ಮಗ ಫೋನು ನೋಡುತ್ತಿದ್ದ. ಕೇಳಿಸಿಕೊಂಡವಳು ಹಿಂದಿನ ಸೀಟಿನಲ್ಲಿದ್ದ ಈ ತಾಯಿಯೇ. "ಅಲ್ಲಿವರೆಗೂ ಯಾರೂ ಓಡಿಸಂಗಿಲ್ವಾ?" ಎಂದು ಎರಡೆರಡು ಸಲ ಕೇಳಿದ್ದಳು. ಅಷ್ಟು ಕೇಳಿದವಳು ಹೀಗೆ ಮಾಡುವುದೇ?

ಓಬಳಮ್ಮನ ಫೋನು ಬಡಿದುಕೊಂಡಿತು. ಮಗನ ದನಿ ಹೊರಗೂ ಕೇಳುತ್ತಿತ್ತು.

"ಬುದ್ಧಿ ಐತೇನಮ್ಮ ನಿಂಗೆ? ಅವಳೆಲ್ಲಿ?"

"ಇಲ್ಲೇ ಪಕ್ಕದಲ್ಲೇ ಅವ್ಳೆ ಕಣಪ್ಪ. ಅವಳೊಬ್ಬಳ ಕೈಗೆ ಕಾರು ಕೊಡ್ತೀನಾ? ನಾನೂ ಜೊತೇಲೇ ಬಂದೆ."

ಕಾರು ಓಡಿಸಿಕೊಂಡು ಬಂದಿದ್ದ ಸೊಸೆ ಲಾವಣ್ಯ ಕಂಬಕ್ಕೆ ಒರಗಿ ನಿಂತಿದ್ದಳು. ಬೇಸಿಗೆಯ ಹನ್ನೊಂದು ಗಂಟೆಯ ಬಿಸಿಲು, ಆದರೂ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ. ಓಬಳಮ್ಮ ಫೋನಿಟ್ಟವಳೇ ಅವಳ ಕಡೆ ತಿರುಗಿದಳು.

"ಏನೇ ಗೊಂಬೆ ಹಂಗೆ ನಿಂತಿದ್ದೀಯ? ಪೂಜೆಗೆ ಹೂವು ತರೋದು ಯಾರು, ನಿಮ್ಮಪ್ಪನಾ?"

"ಅತ್ತಮ್ಮಾ..."

"ಹೋಗು ಅಂದ್ನಲ್ಲ! ತಿರುಗಿ ತಿರುಗಿ ನೋಡ್ಬೇಡ. ನೆಟ್ಟಗೆ ಹೋಗು."

ಹುಡುಗಿ ಕಣ್ಣೊರೆಸಿಕೊಳ್ಳುತ್ತ ಹೋದಳು. ತಾನು ಮಾಡಿದ ತಪ್ಪಿಗೆ ಸೊಸೆಯ ಮೇಲೆ ಹಾರಾಡುತ್ತಾಳಲ್ಲ ಮುದುಕಿ, ಎಂದುಕೊಂಡ ಮಹೀನ್ ನೀರಿನ ಪೈಪು ಎಳೆದಳು.

ಹಳೆಯ ಸೀಲೆಂಟನ್ನು ಪೂರ್ತಿ ತೆಗೆಯದೆ ಹೊಸದು ಹಿಡಿಯುವುದಿಲ್ಲ. ಕಟುವಾದ ಶಾಂಪೂ ಹಾಕಿ ತೊಳೆದಳು. ಕಾರಿಗೆಂದೇ ಸಿಗುವ ಜಿಗುಟು ಜೇಡಿಯ ಉಂಡೆ ಉಜ್ಜಿ ಅಂಟಿದ್ದನ್ನೆಲ್ಲ ಎತ್ತಿದಳು. ಪಾಲಿಶ್ ಮೆಷಿನ್ ಹಿಡಿದು ಗೀರುಗಳನ್ನು ಅಳಿಸತೊಡಗಿದಳು. ಓಬಳಮ್ಮ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ಗೋಡೆಯ ಗಡಿಯಾರವನ್ನೊಮ್ಮೆ ರಸ್ತೆಯನ್ನೊಮ್ಮೆ ನೋಡುತ್ತಿದ್ದಳು.

"ನಿಧಾನಕ್ಕೆ ಮಾಡು ತಾಯಿ. ಅವಸರ ಏನೂ ಇಲ್ಲ."

"ಮಗ ಬೈಯಲ್ವಾ?"

"ಬೈಕೊಳ್ಳಲಿ ಬಿಡು. ಅದೇನು ಹೊಸದಾ?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದಳು. "ಒಂದು ಗಂಟೆ ಆಯ್ತೇನಮ್ಮ?"

"ಇನ್ನೂ ಹನ್ನೆರಡೂಕಾಲು."

"ಅಷ್ಟೇನಾ?"

ಆ ಬೆರಳುಗಳನ್ನು ಕಂಡು ಮಹೀನ್‌ಗೆ ತನ್ನ ತಾಯಿ ನೆನಪಾದಳು. ಅಬ್ಬಾನ ಸ್ಕೂಟರಿನ ಸದ್ದು ಕೇಳಿದರೆ ಅಮ್ಮಿಯ ಬೆರಳುಗಳೂ ಹೀಗೆಯೇ ಆಡುತ್ತಿದ್ದವು. ಒಬ್ಬ ಗಂಡಸಿನ ಕೋಪಕ್ಕೆ ಕಾದು ಕೂರುವುದು ಎಷ್ಟು ದೊಡ್ಡ ಕೆಲಸ ಎಂಬುದು ಆ ಮನೆಯಲ್ಲಿ ಬೆಳೆದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮಿಗಾಗಿ ತನ್ನಿಂದ ಏನೂ ಮಾಡಲಾಗಿರಲಿಲ್ಲ. ಇವಳಿಗಾಗಿ ಮಾಡಬಹುದು.

ಮಹೀನ್ ಕೈ ಚುರುಕು ಮಾಡಿದಳು. ಸ್ಪಂಜಿನಲ್ಲಿ ಸೀಲೆಂಟ್ ತೆಗೆದು ತೆಳ್ಳಗೆ ಹಚ್ಚಿದಳು. ಅದು ಮಂಜು ಕಟ್ಟುತ್ತಿದ್ದಂತೆ ಮೆತ್ತನೆ ಬಟ್ಟೆಯಿಂದ ಒರೆಸಿದಳು. ಆಮೇಲೆ ಒಳಗಿಂದ ಉದ್ದನೆಯ ದೀಪದ ಸ್ಟ್ಯಾಂಡು ತಂದು ಬಾನೆಟ್ಟಿನ ಮೇಲೆ ಬಗ್ಗಿಸಿದಳು. ಕೆಂಪು ಶಾಖ ಹರಡಿತು.

"ಏನಮ್ಮ ಅದು?"

"ಹೊಸದಾಗಿ ತಂದೆ. ಸಂಜೆವರೆಗೂ ಒಣಗೋದು ಇದರಲ್ಲಿ ಅರ್ಧ ಗಂಟೇಲಿ ಒಣಗ್ತದೆ."

ಓಬಳಮ್ಮ ಎದ್ದು ನಿಂತಳು. "ಬೇಡಮ್ಮ. ಸಂಜೆವರೆಗೂ ಇರಲಿ. ನಾನು ಇಲ್ಲೇ ಕೂತಿರ್ತೀನಿ."

"ಹೆದರ್ಕೋಬೇಡಿ. ದೀಪ ತರೋಕೆ ಒಳಗೆ ಹೋದಾಗಲೇ ನಿಮ್ಮ ಮಗನಿಗೆ ಫೋನ್ ಮಾಡಿ ಹೇಳಿದ್ದೀನಿ, ಒಂದು ಗಂಟೆಗೆ ಬನ್ನಿ, ಕಾರು ಹೊಸದರ ಹಂಗೆ ಆಗಿರ್ತದೆ ಅಂತ. ಖುಷಿಯಾದರು. ಇನ್ನು ಬೈಯಲ್ಲ."

ಓಬಳಮ್ಮ ಗಡಿಯಾರ ನೋಡಿದಳು. ಕುರ್ಚಿಯನ್ನು ತಡಕಿ ಕೂತಳು. ಸಮಾಧಾನಕ್ಕೆ ಹೀಗಾಗಿದೆ ಎಂದು ಮಹೀನ್ ಒಂದು ಲೋಟ ನೀರು ತಂದುಕೊಟ್ಟಳು. ಕುಡಿಯಲಿಲ್ಲ.

ಒಂದು ಗಂಟೆಗೆ ಸ್ನೇಹಿತನ ಬೈಕಿನಲ್ಲಿ ಮುರಳಿಮೋಹನ್ ಬಂದಿಳಿದ. ಬಾನೆಟ್ಟಿಗೆ ಬಗ್ಗಿ ತನ್ನ ಮುಖ ನೋಡಿಕೊಂಡು ನಕ್ಕ. "ಸೂಪರ್ ಮೇಡಂ!" ಕೀ ತೆಗೆದುಕೊಂಡು ಸುತ್ತ ಕಣ್ಣಾಡಿಸಿದ. "ಎಲ್ಲಮ್ಮ ಅವಳು?"

"ಹೂವಿಗೆ ಹೋದ್ಲು ಕಣಪ್ಪ. ಈಗ ಬರ್ತಾಳೆ."

"ಯಾವಾಗ ಹೋಗಿದ್ದು?"

ಓಬಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಅವನು ಹೆಂಡತಿಗೆ ಫೋನ್ ಹಚ್ಚಿ ಕಿವಿಗಿಟ್ಟುಕೊಂಡ. ಮತ್ತೊಮ್ಮೆ ಹಚ್ಚಿದ. ಅವನ ಮುಖದ ನಗು ನಿಧಾನವಾಗಿ ಆರಿತು. ತಾಯಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದವನು ಕಾರು ಹತ್ತಿ ದಡಾರನೆ ಬಾಗಿಲೆಳೆದುಕೊಂಡ. ಕಾರು ಮನೆಯ ಕಡೆ ತಿರುಗಲಿಲ್ಲ. ರಾಜ್ಯದ ಗಡಿಯಾಚೆಗೆ ಹೋಗುವ ಮದನಪಲ್ಲಿ ರಸ್ತೆಗೆ ನುಗ್ಗಿತು.

"ಅತ್ಲಾಗೆ ಯಾಕಮ್ಮ ಹೋದರು?"

"ಅವಳ ತವರು ಅಲ್ಲೇ ಕಣಮ್ಮ." ಓಬಳಮ್ಮನ ದನಿಯಲ್ಲಿ ದೂರೂ ಇರಲಿಲ್ಲ. "ಹೋದ ಸಲ ಬಸ್ಸಿಗೆ ಇದೇ ಕಾರು ಅಡ್ಡ ಹಾಕಿ, ಕೂದಲು ಹಿಡಿದು ಇಳಿಸ್ಕೊಂಡು ಬಂದ. ಈ ಸಲ ನಾನೇ ಕಳಿಸಿದ್ದು."

ಬಿಸಿಲಿಗೆ ಕಣ್ಣು ಕಿರಿದು ಮಾಡಿ ರಸ್ತೆ ನೋಡಿದಳು.

"ಹನ್ನೆರಡರ ಬಸ್ಸು, ಇನ್ನೂ ಗಡಿ ದಾಟಿರಲ್ಲ."